ಬಟ್ಟಲನ್ನು ಮಗುಚಿ ನೋಡಿ

ಕುಂಬಾರಿಕೆಯ ಗಂಧಗಾಳಿ ಇಲ್ಲದಿದ್ದರೂ ಚಿಂತೆಯಿಲ್ಲ. ಈ ಪಾಠಕ್ಕೆ ಬೇಕಾದದ್ದು ನಿಮ್ಮ ಕಣ್ಣು ಮತ್ತು ಒಂದಿಷ್ಟು ಸಾವಧಾನ, ಅಷ್ಟೇ. ಒಂದೇ ಒಂದು ಬಟ್ಟಲಿನಿಂದ ಆರಂಭಿಸೋಣ.

ಅದರ ಹೆಸರು ಕಿಜಾಯೆಮೊನ್. ಹಿಂದೊಮ್ಮೆ ಅದರ ಒಡೆಯನಾಗಿದ್ದ ಒಸಾಕಾದ ವ್ಯಾಪಾರಿಯ ಹೆಸರೇ ಬಟ್ಟಲಿಗೂ ಉಳಿದುಕೊಂಡಿದೆ. ಮಾಡಿದವನು ಕೊರಿಯಾದ ಕುಂಬಾರ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಈಗ ಅದು ಕ್ಯೋಟೋದ ದೈತೊಕುಜಿ ದೇವಾಲಯಕ್ಕೆ ಸೇರಿದ ಕೊಹೊಆನ್ ಮಠದಲ್ಲಿದೆ. 1951ರಲ್ಲಿ ಜಪಾನ್ ಅದನ್ನು ರಾಷ್ಟ್ರೀಯ ನಿಧಿಯೆಂದು ಸಾರಿತು.

ಇಷ್ಟು ಕೇಳಿ ಚಿತ್ರ ನೋಡಿದರೆ ನಿಮಗೆ ನಿರಾಸೆಯಾದೀತು. ಬಾಯಗಲ ಸುಮಾರು 15 ಸೆಂಟಿಮೀಟರ್, ಅದೂ ಪೂರ್ತಿ ದುಂಡಗಿಲ್ಲ. ಮಾಸಲು ಬಣ್ಣ. ಒಂದು ಗೆರೆಯಷ್ಟೂ ಚಿತ್ತಾರವಿಲ್ಲ. 1931ರಲ್ಲಿ ಅದನ್ನು ಕಣ್ಣಾರೆ ಕಂಡ ಯಾನಾಗಿ ಸೊಯೆತ್ಸು ಬೆರಗಾದದ್ದು ಅದು ಇಷ್ಟೊಂದು ಸಾಧಾರಣವಾಗಿದೆಯಲ್ಲ ಎಂದೇ. ಜನಸಾಮಾನ್ಯರ ಕರಕುಶಲ ವಸ್ತುಗಳ ಪರವಾಗಿ ಜಪಾನಿನಲ್ಲಿ ಚಳವಳಿ ಕಟ್ಟಿದ ಚಿಂತಕ ಅವರು. ಇದು ಬಡವರ ಮನೆಯ ದಿನಬಳಕೆಯ ಬಟ್ಟಲೆಂದು ಅವರು ನಂಬಿದ್ದರು. (ಪೂಜೆಯ ಪಾತ್ರೆಯಿರಬಹುದು ಎನ್ನುವ ವಿದ್ವಾಂಸರೂ ಇದ್ದಾರೆ.)

ಈಗ ನಿಧಾನವಾಗಿ ನೋಡೋಣ. ಹೊರಮೈಯಲ್ಲಿ ಸುತ್ತಲೂ ಏರುತಗ್ಗಿನ ಗೆರೆಗಳಿವೆ. ತಿಗರಿ, ಅಂದರೆ ಕುಂಬಾರನ ಚಕ್ರ, ತಿರುಗುತ್ತಿರುವಾಗ ಅವನ ಬೆರಳು ಮಣ್ಣನ್ನು ಮೇಲೆತ್ತಿದ ಗುರುತು ಅದು. ಒದ್ದೆ ಬಟ್ಟೆ ಸವರಿದ್ದರೆ ಅಳಿಸಿಹೋಗುತ್ತಿತ್ತು, ಅವನು ಸವರಲಿಲ್ಲ.

ಮೇಲಿನ ಹೊಳಪಿಗೆ ಗ್ಲೇಜ್ ಎನ್ನುತ್ತಾರೆ. ಸುಡುವ ಮುಂಚೆ ಬಳಿಯುವ ಲೇಪ ಇದು. ಆವಿಗೆಯ ಬೆಂಕಿಯಲ್ಲಿ ಕರಗಿ ಗಾಜಿನ ಪದರವಾಗುತ್ತದೆ. ತಣಿಯುವಾಗ ಈ ಪದರ ಕೆಳಗಿನ ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಮೈತುಂಬ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಜಪಾನಿನಲ್ಲಿ ಇಂಥ ಬಟ್ಟಲು ಚಹಾ ಕುಡಿಯಲು ಬಳಕೆಯಾಯಿತು; ವರ್ಷಾನುಗಟ್ಟಲೆ ಕುಡಿದಂತೆ ಬಿರುಕುಗಳೊಳಗೆ ಬಣ್ಣ ಇಳಿಯುತ್ತದೆ.

ನನಗೆ ಅತ್ಯಂತ ಪ್ರಿಯವಾದದ್ದು ಬಟ್ಟಲಿನ ಅಡಿ. ಮಣ್ಣು ಅರೆ ಒಣಗಿದಾಗ ಕುಂಬಾರ ಬಟ್ಟಲನ್ನು ಬೋರಲು ಹಾಕಿ, ಅದು ನಿಲ್ಲಲು ಬೇಕಾದ ಉಂಗುರವನ್ನು ಕೆತ್ತುತ್ತಾನೆ. ಒರಟು ಮಣ್ಣಾದ್ದರಿಂದ ಉಳಿ ತಾಗಿದಲ್ಲೆಲ್ಲ ಮೈ ತರಿತರಿಯಾಗುತ್ತದೆ. ಅಲ್ಲಿ ಗ್ಲೇಜ್ ಸಮನಾಗಿ ಹರಡದೆ, ಸರಿದು, ಹನಿಹನಿಯಾಗಿ ಹೆಪ್ಪುಗಟ್ಟುತ್ತದೆ. ಕಾರ್ಖಾನೆಯ ಪರೀಕ್ಷಕನಾದರೆ ಇದನ್ನು ತೆಗೆದು ಬದಿಗಿಡುತ್ತಿದ್ದ. ಜಪಾನಿನ ಚಹಾ ರಸಿಕರು ಅದಕ್ಕೆ ಕೈರಾಗಿ ಎಂದು ಹೆಸರಿಟ್ಟು, ಬಟ್ಟಲನ್ನು ಮಗುಚಿ ಮೊದಲು ಅದನ್ನೇ ಹುಡುಕುತ್ತಾರೆ. ಉಂಗುರದ ಆಕಾರವನ್ನು ಅವರು ಬಿದಿರಿನ ಗಿಣ್ಣಿಗೆ ಹೋಲಿಸುತ್ತಾರೆ.

ಹಾಗಾದರೆ ಊನವೆಲ್ಲ ಚೆಂದವೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವವರು ಗೆಣ್ಣಿನಿಂದ ತಟ್ಟಿ ನೋಡುತ್ತಾರಲ್ಲ, ಅದನ್ನು ನೀವೂ ಕಲಿಯಿರಿ. ಟಣ್ ಎಂದರೆ ಗಟ್ಟಿ, ಮಂದ ಸದ್ದು ಬಂದರೆ ಬಿರುಕು. ನೀರು ನಿಲ್ಲದ ಮಡಕೆಯನ್ನು ಯಾವ ಸೌಂದರ್ಯಶಾಸ್ತ್ರವೂ ಕಾಪಾಡದು. ಆದರೆ ಬಾಯಿ ತುಸು ಸೊಟ್ಟಗಿದ್ದು, ಹೊಗೆ ತಾಗಿದ ಕಡೆ ಕಪ್ಪಾದ ಮಡಕೆ ನೀರನ್ನು ತಂಪಾಗಿಯೇ ಇಡುತ್ತದೆ.

ಬೇಕೆಂದೇ ಮಾಡಿದ ಸೊಟ್ಟ ಇನ್ನೊಂದು ಬಗೆ. ಹದಿನಾರನೆಯ ಶತಮಾನದ ಚಹಾಗುರು ಸೆನ್ ನೊ ರಿಕ್ಯೂ ಅವರ ಅಭಿರುಚಿಗೆ ತಕ್ಕಂತೆ ಚೋಜಿರೊ ಎಂಬ ಕುಶಲಿ ತಿಗರಿಯಿಲ್ಲದೆ ಕೈಯಲ್ಲೇ ರೂಪಿಸಿದ ರಾಕು ಬಟ್ಟಲುಗಳಿಗೆ ದೊಡ್ಡ ಹೆಸರಿದೆ. ಯಾನಾಗಿಯವರಿಗೆ ರಾಕು ಒಗ್ಗಲಿಲ್ಲ. ಅದರಲ್ಲಿ ಕೃತಕತೆ ಕಂಡರು. ಚೋಜಿರೊ ಮಟ್ಟಿಗೆ ನಾನು ಅವರ ಮಾತು ಒಪ್ಪುವುದಿಲ್ಲ, ಅವನ ಕಪ್ಪು ಬಟ್ಟಲುಗಳ ಗಾಂಭೀರ್ಯವೇ ಬೇರೆ. ಇಂದಿನ ಅಂಗಡಿಗಳ ಮಟ್ಟಿಗೆ ಮಾತ್ರ ಯಾನಾಗಿಯವರ ಎಚ್ಚರಿಕೆ ಸರಿ. ‘ಕೈಯಲ್ಲೇ ಮಾಡಿದ್ದು’ ಎಂದು ದುಬಾರಿ ಬೆಲೆಗೆ ಮಾರುವ ಲೋಟಗಳಲ್ಲಿ ಎರಡನ್ನು ಪಕ್ಕಪಕ್ಕ ಇಡಿ. ಎರಡರ ತಗ್ಗೂ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿದ್ದರೆ ಅದು ಅಚ್ಚಿನ ಕೆಲಸ.