ಉಸಿರು, ಕೈ ಮತ್ತು ಚೀಲ: ಅಲ್ ಮವಾಲೇಹ್‌ನಲ್ಲಿ ಕಲಿತ ಒಂದು ಪಾಠ

ನಮ್ಮಲ್ಲಿ ಕೆಲವರ ಅಪ್ಪ-ಅಮ್ಮ ಮಸ್ಕತ್ತಿನ ಅಲ್ ಮವಾಲೇಹ್‌ನಲ್ಲಿ ಇದ್ದಾರೆ. ರಜೆಗೆ ಹೋದಾಗಲೆಲ್ಲ ಸಂಜೆ ನಮಗೊಂದು ಕೆಲಸ: ಕೆಳಗಿನ ಅಂಗಡಿಯಿಂದ ಕುಬ್ಬೂಸ್, ಲಬಾನ್, ಕೊತ್ತಂಬರಿ ತರುವುದು. ಮೂರು ಸಾಮಾನು, ಮೂರು ಚೀಲ. "ಬೇಡ" ಅನ್ನುವಷ್ಟರಲ್ಲಿ ಚೀಲ ಕೈಗೆ ಬಂದಿರುತ್ತೆ. ಆ ಎರಡು ಸೆಕೆಂಡಿನಲ್ಲಿ ಏನು ಮಾಡಬಹುದು ಅನ್ನುವುದೇ ಈ ಲೇಖನದ ವಿಷಯ.

ಮೊದಲು ಕಾನೂನು ನೋಡೋಣ. ಒಮಾನ್‌ನಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಶಾಪಿಂಗ್ ಚೀಲಗಳನ್ನು 2021ರ ಜನವರಿ 1ರಿಂದ ನಿಷೇಧಿಸಿದರು. ಮುಂದೆ ಹಂತ ಹಂತವಾಗಿ ಬಿಗಿ ಮಾಡಿದರು. 2024ರ ಜುಲೈನಲ್ಲಿ ಔಷಧಿ ಅಂಗಡಿ ಮತ್ತು ಆಸ್ಪತ್ರೆಗಳು, 2025ರ ಜನವರಿಯಲ್ಲಿ ಬಟ್ಟೆ ಮತ್ತು ಮೊಬೈಲ್ ಅಂಗಡಿಗಳು, ಅದೇ ವರ್ಷ ಜುಲೈನಲ್ಲಿ ಹಣ್ಣು-ತರಕಾರಿ ಅಂಗಡಿಗಳು ಮತ್ತು ಬೇಕರಿಗಳು. ನಮ್ಮ ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೇ ನಿಷೇಧ ಇದೆ. ಆದರೂ ಸಂತೆಯಲ್ಲಿ ಚೀಲ ಸಿಗುತ್ತೆ, ನಾವೂ ತಗೋತೀವಿ.

ಮರುಭೂಮಿಯಲ್ಲಿ ಈ ಚೀಲ ಎಲ್ಲಿಗೆ ಹೋಗುತ್ತೆ? ಗಾಳಿಗೆ ಹಾರಿ ಮುಳ್ಳುಗಿಡಕ್ಕೆ ಸಿಕ್ಕಿಕೊಳ್ಳುತ್ತೆ. ಅದನ್ನು ಒಂಟೆ ತಿನ್ನುತ್ತೆ. ಪಾಲಿಎಥಿಲೀನ್ ಜೀರ್ಣವಾಗುವ ವಸ್ತು ಅಲ್ಲ, ಹೊಟ್ಟೆಯಲ್ಲೇ ಗಟ್ಟಿ ಉಂಡೆಯಾಗುತ್ತೆ. ಪಕ್ಕದ ಯುಎಇಯಲ್ಲಿ ಸುಮಾರು 30,000 ಒಂಟೆಗಳನ್ನು ಪರೀಕ್ಷಿಸಿದ ಸಂಶೋಧಕರು 300 ಒಂಟೆಗಳ ಸಾವಿಗೆ ಇಂಥ ಉಂಡೆಗಳನ್ನು ಕಾರಣವಾಗಿ ಗುರುತಿಸಿದರು. ಹೊಟ್ಟೆ ತುಂಬಿದೆ ಅನಿಸಿ ಒಂಟೆ ಮೇವು ಬಿಡುತ್ತೆ.

ಇದನ್ನು ಓದಿದ ದಿನ ನಮಗೆ ಸಿಟ್ಟು ಬಂತು. ಅದೇ ಸಿಟ್ಟಲ್ಲಿ ಅಂಗಡಿಗೆ ಹೋಗಿ ಕೌಂಟರಿನ ಹುಡುಗನಿಗೆ ಎಲ್ಲರೆದುರು ಪಾಠ ಹೇಳಿದೆವು. ಅವನು ಮೆಲ್ಲಗೆ ಹೇಳಿದ: "ಭಾಯಿ, ಕೊಡದಿದ್ರೆ ಗಿರಾಕಿ ಬೈತಾರೆ, ಕೊಟ್ರೆ ನೀವು ಬೈತೀರಿ. ಚೀಲ ತರಿಸೋದು ನಾನಲ್ಲ." ನಾವು ತಲೆ ತಗ್ಗಿಸಿ ಬಂದೆವು. ಅವನೂ ನಮ್ಮಂತೆ ದೂರದಿಂದ ಬಂದವನು. ನಮ್ಮ ಹೋರಾಟ ಅಲ್ಲಿ ಎಲ್ಲರಿಗಿಂತ ಕಮ್ಮಿ ಅಧಿಕಾರ ಇದ್ದವನ ಮೇಲೆ ಬಿದ್ದಿತ್ತು. ಅಷ್ಟೇ ಅಲ್ಲ, ಆವತ್ತೂ ನಾವು ಚೀಲ ಮರೆತು ಹೋಗಿದ್ದೆವು!

ಧ್ಯಾನ ನಮ್ಮ ಪಾಠಕ್ಕೆ ಬಂದದ್ದು ಇಲ್ಲಿಂದ. ಶುಕ್ರವಾರ ಇಲ್ಲಿ ರಜೆ. ಬೆಳಿಗ್ಗೆ ಹತ್ತು ನಿಮಿಷ ಕೂತು ಉಸಿರನ್ನು ಗಮನಿಸುವುದು, ಮನಸ್ಸು ಓಡಿದರೆ ಬೈಯದೆ ವಾಪಸ್ ಕರೆತರುವುದು. ಇಷ್ಟೇ ಅಭ್ಯಾಸ. ಇದನ್ನೇ ಅಂಗಡಿಯಲ್ಲೂ ಮಾಡಿದೆವು: ಕೈ ಚಾಚಿತೇ? ಗಮನಿಸು. ಸಿಟ್ಟು ಬಂತೇ? ಅದನ್ನೂ ಗಮನಿಸು. ಆಮೇಲೆ ಮಾತಾಡು.

ಆದರೆ ಕೂತು ಕಣ್ಣು ಮುಚ್ಚಿದರೆ ಮಾತ್ರ ಚೀಲ ಕಮ್ಮಿಯಾಗಲ್ಲ. ಇದಕ್ಕೆ ನಮ್ಮೂರಿನದೇ ಉದಾಹರಣೆ ಇದೆ. ವಿವೇಕಾನಂದರು 1897ರಲ್ಲಿ ಸ್ಥಾಪಿಸಿದ ರಾಮಕೃಷ್ಣ ಮಿಷನ್ನಿನ ಧ್ಯೇಯದಲ್ಲಿ ಆತ್ಮದ ಬಿಡುಗಡೆಯೂ ಲೋಕದ ಹಿತವೂ ಜೊತೆಜೊತೆಗೇ ಇವೆ. ಅದರ ಮಂಗಳೂರು ಆಶ್ರಮ 'ಸ್ವಚ್ಛ ಮಂಗಳೂರು' ಅಭಿಯಾನ ನಡೆಸಿತು. ಭಾನುವಾರ ಬೆಳಿಗ್ಗೆ ಸ್ವಾಮೀಜಿಗಳು, ವಿದ್ಯಾರ್ಥಿಗಳು, ಊರವರು ಪೊರಕೆ ಹಿಡಿದು ಬೀದಿಗಿಳಿದರು. ಒಂದು ದಿನ ಫೋಟೋ ತೆಗೆಸಿ ಬಿಡಲಿಲ್ಲ, ವರ್ಷಗಟ್ಟಲೆ ಶ್ರಮದಾನ ಮಾಡಿದರು. ಅದೇ ಮಂಗಳೂರಿನಲ್ಲಿ 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಕುಸಿದು ಮಂದಾರದ ಮನೆ, ತೋಟಗಳಿಗೆ ನುಗ್ಗಿತು. ಗುಡಿಸುವುದರ ಜೊತೆಗೆ ಕಸ ಹುಟ್ಟುವ ಜಾಗದಲ್ಲೇ ಕಮ್ಮಿ ಮಾಡಬೇಕು ಅಂತ ಅದು ತೋರಿಸಿತು.

ಒಮಾನ್‌ನಲ್ಲಿ ಅನುಮತಿ ಇಲ್ಲದೆ ಜಾಥಾ ಮಾಡುವಂತಿಲ್ಲ. ಹಾಗಾಗಿ ನಮ್ಮ ಕೆಲಸ ಬಿಲ್ಡಿಂಗಿನ ಒಳಗೇ ನಡೆಯಿತು. ನೀವೂ ಹೀಗೆ ಶುರು ಮಾಡಬಹುದು:

1. ಒಂದು ವಾರ ಮನೆಗೆ ಬಂದ ಚೀಲಗಳನ್ನು ಎಣಿಸಿ. ಯಾರನ್ನೂ ದೂರಬೇಡಿ.
2. ಚೀಲವನ್ನು ಚಪ್ಪಲಿ ಪಕ್ಕ ನೇತುಹಾಕಿ. ಚಪ್ಪಲಿ ಹಾಕುವಾಗ ಒಂದು ಉಸಿರು ನಿಂತು ಚೀಲ ನೋಡಿ.
3. ಅಂಗಡಿಯಲ್ಲಿ ಸಾಮಾನು ಕೊಡುವ ಮುಂಚೆಯೇ "ಚೀಲ ಇದೆ ಭಾಯಿ" ಅನ್ನಿ.
4. ದೂರು ಇದ್ದರೆ ಮಾಲೀಕರ ಹತ್ತಿರ ಮಾತಾಡಿ. ದಂಡ ಬೀಳುವುದು ಅಂಗಡಿಗೆ, ತೀರ್ಮಾನವೂ ಅವರದೇ.
5. ಪಕ್ಕದ ಮನೆಯ ಆಂಟಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಇಂಜಿನಿಯರಿಂಗ್ ಓದಿದವರಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ಬಟ್ಟೆಯಂತೆ ಕಾಣುವ 'ನಾನ್ ವೋವನ್' ಚೀಲ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅಂದರೆ ಅದೂ ಪ್ಲಾಸ್ಟಿಕ್ಕೇ. ಹತ್ತಿ ಚೀಲವನ್ನೂ ಸುಮ್ಮನೆ ಕೊಳ್ಳಬೇಡಿ. 2011ರಲ್ಲಿ ಬ್ರಿಟನ್ನಿನ ಪರಿಸರ ಸಂಸ್ಥೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹವಾಮಾನದ ಲೆಕ್ಕದಲ್ಲಿ ಒಂದೇ ಸಲ ಬಳಸಿದ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮವಾಗಬೇಕಾದರೆ ಹತ್ತಿ ಚೀಲವನ್ನು 131 ಸಲ ಬಳಸಬೇಕು. ದಿನಕ್ಕೊಂದು ಸಲ ಅಂದರೂ ನಾಲ್ಕು ತಿಂಗಳ ಮೇಲಾಯಿತು. ಹೊಸ ಚೀಲ ಹಂಚುವ ಕಾರ್ಯಕ್ರಮಕ್ಕಿಂತ ಅಜ್ಜಿಯ ಹಳೆ ಕೈಚೀಲವೇ ಮೇಲು.

ರಜೆ ಮುಗಿಯುವ ಮುಂಚೆ ಆ ಹುಡುಗನ ಹತ್ತಿರ ಕ್ಷಮೆ ಕೇಳಿದೆವು. ಅವನು ನಕ್ಕು, ಕೌಂಟರಿನ ಮೇಲೆ ಕುಬ್ಬೂಸ್ ಇಟ್ಟು, ಚೀಲ ತೆಗೆಯದೆ ಕಾದ. ನಾವು ಜೇಬು ತಡಕಿದೆವು. ಆವತ್ತು ಚೀಲ ಇತ್ತು.