ಮನೆಯ ಬಿಲ್ಲುಗಳೂ ನೆರವಿನ ಮಾರ್ಗಗಳೂ

ಆರೋಗ್ಯ ವಿಷಯಕ ಲೇಖನಗಳ ನಡುವೆ ಬ್ಯಾಂಕಿನ ಅಧಿಕಾರಿಯೊಬ್ಬನು ವಿದ್ಯುತ್ ಬಿಲ್ಲಿನ ವಿಚಾರವನ್ನು ಎತ್ತಿಕೊಳ್ಳುವುದೇಕೆ ಎಂದು ವಾಚಕರು ಕೇಳಬಹುದು. ವಾಣಿಜ್ಯಶಾಸ್ತ್ರವನ್ನು ಓದಿದ ನನಗೆ ವೈದ್ಯವಿದ್ಯೆಯ ಗಂಧವಿಲ್ಲ. ಆದರೂ ಮನೆಯ ದೀಪಕ್ಕೂ ದೇಹದ ಆರೋಗ್ಯಕ್ಕೂ ಇರುವ ನಂಟನ್ನು ನನಗೆ ಕಲಿಸಿದ ಪ್ರಸಂಗವೊಂದನ್ನು ಮೊದಲು ನಿವೇದಿಸುತ್ತೇನೆ.

ಕಳೆದ ಬೇಸಗೆಯಲ್ಲಿ ನಮ್ಮ ಶಾಖೆಗೆ ವೃದ್ಧೆಯೊಬ್ಬರು ಬಂದರು. ಉಡುಪಿಯ ಕಡೆಯವರು. ಅವರ ಪತಿ ಮುಂಬಯಿಯ ಹೋಟೆಲೊಂದರಲ್ಲಿ ಮೂವತ್ತು ವರ್ಷಗಳ ಕಾಲ ಗಲ್ಲೆಯ ಮೇಲೆ ಕುಳಿತು ದುಡಿದು, ಎಂಟು ತಿಂಗಳ ಹಿಂದೆ ತೀರಿಕೊಂಡಿದ್ದರು. ತಮ್ಮ ಹೆಸರಿನಲ್ಲಿದ್ದ ಇಪ್ಪತ್ತು ಸಾವಿರ ರೂಪಾಯಿಯ ಠೇವಣಿಯನ್ನು ಅವಧಿಗೆ ಮುನ್ನವೇ ಮುರಿಸಿಕೊಡಬೇಕೆಂದು ಆಕೆ ಕೇಳಿದರು. ಅದು ತಮ್ಮ ಉತ್ತರಕ್ರಿಯೆಗೆಂದು ಅವರು ತೆಗೆದಿರಿಸಿದ್ದ ಹಣವೆಂಬುದು ನನಗೆ ತಿಳಿದಿತ್ತು. ಕಾರಣ ಕೇಳಿದಾಗ ಮೊದಲು ಹೇಳಲಿಲ್ಲ. ಎರಡನೆಯ ಸಲ ಕೇಳಿದಾಗ, “ಎಂಥ ಹೇಳುವುದು ಸರ್, ಕರೆಂಟು ತೆಗೆದು ಎಂಟು ದಿನ ಆಯಿತು. ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ ಹಾಳಾಯಿತು” ಎಂದರು.

ವಿಚಾರಿಸಿದಾಗ ತಿಳಿದುದಿಷ್ಟು. ಪ್ರತಿ ತಿಂಗಳೂ ವಿದ್ಯುತ್ ಬಿಲ್ಲಿನ ಹಣ ಪತಿಯ ಖಾತೆಯಿಂದ ತಾನಾಗಿಯೇ ಸಂದಾಯವಾಗುತ್ತಿತ್ತು. ಅವರು ತೀರಿಕೊಂಡ ಬಳಿಕ ಖಾತೆಯನ್ನು ಮುಚ್ಚಲಾಯಿತು. ಅದರೊಡನೆ ಪಾವತಿಯೂ ನಿಂತಿತು. ಎಚ್ಚರಿಕೆಯ ಸಂದೇಶಗಳು ಹೋದುದು ಗತಿಸಿದವರ ಮೊಬೈಲಿಗೆ. ಬಾಕಿ ಐದು ಸಾವಿರಕ್ಕೆ ಏರಿತ್ತು. ಆ ಖಾತೆಯನ್ನು ಮುಚ್ಚಿದ ಕಾಗದಕ್ಕೆ ರುಜು ಹಾಕಿದವನು ನಾನೇ. “ಅಮ್ಮ, ಈ ಖಾತೆಯಿಂದ ಯಾವ ಯಾವ ಬಿಲ್ಲು ಹೋಗುತ್ತಿತ್ತು?” ಎಂಬ ಒಂದು ಪ್ರಶ್ನೆಯನ್ನು ಅಂದು ನಾನು ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆ ಲೋಪದ ಪರಿಹಾರಾರ್ಥವಾಗಿಯಾದರೂ ಈ ಲೇಖನ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಒಂದೇ. ಮನೆಯ ಬಿಲ್ಲುಗಳಿಗೆ ಸರಕಾರದ ನೆರವೂ ಕಾನೂನಿನ ರಕ್ಷಣೆಯೂ ಉಂಟು. ಆದರೆ ಊರು ಬಿಟ್ಟು ಬಂದ ನಮ್ಮವರಿಗೆ ಅವು ಕೈತಪ್ಪುವುದು ಹೆಚ್ಚಾಗಿ ಬಡತನದಿಂದಲ್ಲ. ಮೀಟರಿನ ಮೇಲೆ ಒಬ್ಬರ ಹೆಸರು, ಗುರುತಿನ ಚೀಟಿಯಲ್ಲಿ ಇನ್ನೊಂದು ವಿಳಾಸ, ಬ್ಯಾಂಕಿನ ಖಾತೆ ಮತ್ತೊಂದು ಊರಿನಲ್ಲಿ ಇರುವುದರಿಂದ. ಇದರ ಮೇಲೆ ಸಂಕೋಚವೆಂಬ ಬೀಗ ಬೇರೆ.

ಊರಿನ ನೆರವು ಇಲ್ಲಿ ಏಕಿಲ್ಲ?

“ಊರಿನ ಮನೆಗೆ ಕರೆಂಟು ಪುಕ್ಕಟೆ, ಇಲ್ಲಿ ಏಕಿಲ್ಲ?” ಎಂದು ಅನೇಕರು ಕೇಳುತ್ತಾರೆ. ವಿದ್ಯುತ್ತಿನ ದರವನ್ನು ಆಯಾ ರಾಜ್ಯದ ನಿಯಂತ್ರಣ ಆಯೋಗವು ಗೊತ್ತುಪಡಿಸುತ್ತದೆ. ಯಾವುದೇ ವರ್ಗಕ್ಕೆ ರಿಯಾಯಿತಿ ಕೊಡಬೇಕಾದರೆ ಆ ಹಣವನ್ನು ರಾಜ್ಯ ಸರಕಾರವೇ ಕಂಪನಿಗೆ ಮುಂಗಡವಾಗಿ ತುಂಬಿಕೊಡಬೇಕೆಂಬುದು 2003ರ ವಿದ್ಯುಚ್ಛಕ್ತಿ ಕಾಯಿದೆಯ 65ನೆಯ ಕಲಮಿನ ವಿಧಿ. ಆದುದರಿಂದ ನೆರವು ಮನುಷ್ಯನನ್ನು ಹಿಂಬಾಲಿಸಿ ಬರುವುದಿಲ್ಲ. ಮೀಟರು ಇರುವ ರಾಜ್ಯದಲ್ಲಿಯೇ ನಿಲ್ಲುತ್ತದೆ.

ಕರ್ನಾಟಕದ ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದಿತು. ತಿಂಗಳಿಗೆ ಗರಿಷ್ಠ 200 ಯೂನಿಟ್ ಎಂದಿದ್ದರೂ, ಎಲ್ಲರಿಗೂ 200 ಯೂನಿಟ್ ದೊರೆಯುವುದಿಲ್ಲ. 2022-23ರಲ್ಲಿ ಆ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಸ್ವಲ್ಪ ಹೆಚ್ಚುವರಿ ಸೇರಿಸಿ ಪ್ರತಿ ಮನೆಯ ಅರ್ಹತೆಯನ್ನು ನಿರ್ಧರಿಸಲಾಗಿದೆ. ಊರಿನ ಮನೆಗೆ ವರ್ಷದ ಬಹುಭಾಗ ಬೀಗ ಬಿದ್ದಿದ್ದರೆ ಅರ್ಹತೆಯೂ ಅಲ್ಪವೇ. ಮೇ ತಿಂಗಳ ರಜೆಯಲ್ಲಿ ಮಕ್ಕಳುಮರಿಗಳೊಡನೆ ಹೋಗಿ ಫ್ಯಾನು, ಪಂಪುಗಳನ್ನು ನಡೆಸಿದರೆ ಹೆಚ್ಚಾದ ಯೂನಿಟ್ಟುಗಳ ಹಣ ತೆರಬೇಕು. ಬಳಕೆ 200ನ್ನು ಮೀರಿದರೆ ಆ ತಿಂಗಳ ಪೂರ್ಣ ಬಿಲ್ಲು ಬರುತ್ತದೆ. ಬಿಲ್ಲು ಕಂಡು ಗಾಬರಿಯಾಗುವ ಬಂಧುಗಳು ಇದನ್ನು ನೆನಪಿಡಬೇಕು.

ಇತರ ನಗರಗಳಲ್ಲಿರುವ ನಮ್ಮವರಿಗಾಗಿ ಕೆಲವು ಮಾತು. ದೆಹಲಿಯಲ್ಲಿ 2019ರ ಆಗಸ್ಟಿನಲ್ಲಿ 200 ಯೂನಿಟ್‌ವರೆಗೆ ಉಚಿತವೆಂದೂ, 201ರಿಂದ 400ರವರೆಗೆ ಗರಿಷ್ಠ 800 ರೂಪಾಯಿಗೆ ಒಳಪಟ್ಟು ಅರ್ಧ ರಿಯಾಯಿತಿಯೆಂದೂ ಘೋಷಿಸಲಾಯಿತು. ಆದರೆ 2022ರ ಅಕ್ಟೋಬರಿನಿಂದ ಅದು ಅರ್ಜಿ ಸಲ್ಲಿಸಿ ಕೇಳಿದವರಿಗೆ ಮಾತ್ರವೆಂದಾಯಿತು. ಅದೇ ನಗರದಲ್ಲಿ ಬಾಡಿಗೆದಾರರು ತಮ್ಮದೇ ಪ್ರೀಪೇಯ್ಡ್ ಮೀಟರು ಪಡೆಯುವ ವ್ಯವಸ್ಥೆ 2019ರಲ್ಲಿ ಬಂದಿತು. ತಮಿಳುನಾಡಿನಲ್ಲಿ 2016ರ ಮೇ ತಿಂಗಳಿನಿಂದ ಗೃಹಬಳಕೆಯ ಪ್ರತಿ ಸಂಪರ್ಕಕ್ಕೆ ಎರಡು ತಿಂಗಳಿಗೊಮ್ಮೆ ಮೊದಲ 100 ಯೂನಿಟ್ ಉಚಿತ. 2022ರಲ್ಲಿ ಆಧಾರ್ ಜೋಡಣೆಯನ್ನು ಕೇಳಲಾಯಿತು. ತೆಲಂಗಾಣದಲ್ಲಿ 2024ರ ಮಾರ್ಚಿನಲ್ಲಿ 200 ಯೂನಿಟ್ಟಿನ ಯೋಜನೆ ಬಂದಿತು. ಆದರೆ ಅದಕ್ಕೆ ಆ ರಾಜ್ಯದ ಆಹಾರ ಭದ್ರತಾ ಕಾರ್ಡು ಬೇಕು. ಇಂಥ ಯೋಜನೆಗಳು ಬಜೆಟ್ಟಿನೊಡನೆ ಬದಲಾಗುವುದರಿಂದ ಪ್ರತಿ ಏಪ್ರಿಲಿನಲ್ಲಿ ಬಿಲ್ಲನ್ನು ಒಮ್ಮೆ ಗಮನವಿಟ್ಟು ಓದುವುದು ಒಳ್ಳೆಯದು.

ಒಂದು ಮೀಟರು, ಹಲವು ಒಲೆ

ಮಹಾರಾಷ್ಟ್ರದಲ್ಲಿ ಎಲ್ಲರಿಗೂ ಅನ್ವಯಿಸುವ ಇಂಥ ಉಚಿತ ಯೋಜನೆಯಿಲ್ಲ. ದಾರಿದ್ರ್ಯರೇಖೆಯ ಕೆಳಗಿದ್ದು ಅತ್ಯಲ್ಪ ಬಳಸುವವರಿಗೆ ಮಾತ್ರ ಪ್ರತ್ಯೇಕ ಕಡಿಮೆ ದರವುಂಟು. ಆದರೆ ಇಲ್ಲಿನ ದರಪಟ್ಟಿಯೇ ಮೆಟ್ಟಲುಮೆಟ್ಟಲಾಗಿದೆ: ತಿಂಗಳಿಗೆ 100 ಯೂನಿಟ್‌ವರೆಗೆ ಒಂದು ದರ, 101ರಿಂದ 300ರವರೆಗೆ ಅದಕ್ಕಿಂತ ಬಹಳ ಹೆಚ್ಚು, ಆಮೇಲೆ ಇನ್ನೂ ಹೆಚ್ಚು. ಒಂದೇ ಮೀಟರಿನ ಮೇಲೆ ಮೂರು ಸಂಸಾರಗಳಿವೆ, ಪ್ರತಿಯೊಂದು 90 ಯೂನಿಟ್ ಬಳಸುತ್ತದೆ ಎಂದು ಭಾವಿಸಿರಿ. ಒಟ್ಟು 270 ಯೂನಿಟ್. ಅದರಲ್ಲಿ 170 ಯೂನಿಟ್ ಎರಡನೆಯ ಮೆಟ್ಟಲಿಗೆ ಏರುತ್ತವೆ. ಪ್ರತ್ಯೇಕ ಮೀಟರುಗಳಿದ್ದರೆ ಒಂದು ಯೂನಿಟ್ಟೂ ಏರುತ್ತಿರಲಿಲ್ಲ. ಮಿತವಾಗಿ ಬಾಳುವ ಬಡವನು ಹೆಚ್ಚು ದರ ತೆರುವುದು ಹೀಗೆ.

ಮನೆಯ ಒಡೆಯ ಒಪ್ಪದಿದ್ದರೆ ಏನು ಗತಿ? ಕಾಯಿದೆಯ 43ನೆಯ ಕಲಮು ಮಾಲಿಕನಿಗಷ್ಟೇ ಅಲ್ಲ, ಮನೆಯಲ್ಲಿ ವಾಸವಾಗಿರುವವನಿಗೂ ಸಂಪರ್ಕ ಕೇಳುವ ಹಕ್ಕನ್ನು ಕೊಟ್ಟಿದೆ. ಮಾಲಿಕನ ಒಪ್ಪಿಗೆಪತ್ರವಿಲ್ಲವೆಂಬ ಒಂದೇ ಕಾರಣಕ್ಕೆ ಬಾಡಿಗೆದಾರನಿಗೆ ವಿದ್ಯುತ್ತನ್ನು ನಿರಾಕರಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಅಭಿಪ್ರಾಯಪಟ್ಟಿದೆ. ಬಾಡಿಗೆಯ ಕರಾರುಪತ್ರವನ್ನು ಕಾಯ್ದಿಡುವುದು ಇದಕ್ಕೆ ಅವಶ್ಯ.

ಕಟ್ಟಲು ಹಣವಿಲ್ಲದಾಗ

ಬಿಲ್ಲು ಕಟ್ಟಲಾಗದೆಂದು ತೋರಿದಾಗ ಕಡೆಯ ದಿನ ಕಳೆಯುವವರೆಗೆ ಸುಮ್ಮನಿರಬಾರದು. ಅದಕ್ಕೆ ಮುನ್ನವೇ ಕಂಪನಿಯ ಕಚೇರಿಗೆ ಹೋಗಿ, ಕಂತುಗಳಲ್ಲಿ ಕಟ್ಟಲು ಅನುಮತಿ ಕೋರಿ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ಇದು ಭಿಕ್ಷೆಯಲ್ಲ. 2020ರ ಲಾಕ್‌ಡೌನಿನ ಬಳಿಕ ದುಪ್ಪಟ್ಟಿಗಿಂತ ಹೆಚ್ಚಿನ ಬಿಲ್ಲು ಬಂದವರಿಗೆ ಮೂರು ಕಂತುಗಳ ಸೌಲಭ್ಯ ಕೊಡಬೇಕೆಂದು ಮಹಾರಾಷ್ಟ್ರದ ಆಯೋಗವೇ ಸೂಚಿಸಿತ್ತು.

ಕಾನೂನಿನ ರಕ್ಷಣೆಗಳನ್ನೂ ತಿಳಿದಿರಬೇಕು. 56ನೆಯ ಕಲಮಿನ ಪ್ರಕಾರ ಪೂರ್ಣ 15 ದಿನಗಳ ಲಿಖಿತ ಸೂಚನೆಯಿಲ್ಲದೆ ಬಾಕಿಗಾಗಿ ಸಂಪರ್ಕ ಕಡಿಯುವಂತಿಲ್ಲ. ಬಿಲ್ಲಿನ ಮೊತ್ತದ ಬಗ್ಗೆಯೇ ತಕರಾರಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಮೇಲೆ ಲೆಕ್ಕ ಹಾಕಿದ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನು ತಕರಾರಿನೊಡನೆ ಕಟ್ಟಿದರೆ, ತೀರ್ಮಾನವಾಗುವವರೆಗೆ ಸಂಪರ್ಕ ಉಳಿಯುತ್ತದೆ. 2020ರ ಗ್ರಾಹಕ ಹಕ್ಕುಗಳ ನಿಯಮಗಳಂತೆ, ಮೀಟರು ಓದದೆ ಅಂದಾಜಿನ ಬಿಲ್ಲನ್ನು ಎರಡು ಸುತ್ತಿಗಿಂತ ಹೆಚ್ಚು ಕಳುಹಿಸಿದರೆ, ಅಸಾಧಾರಣ ಸಂದರ್ಭಗಳ ಹೊರತು, ನಿಜವಾದ ಬಿಲ್ಲು ಬರುವವರೆಗೆ ಪಾವತಿಯನ್ನು ತಡೆಹಿಡಿಯಬಹುದು. ಮೀಟರು ಓಡುತ್ತಿದೆಯೆಂಬ ಅನುಮಾನವಿದ್ದರೆ, 2024ರ ತಿದ್ದುಪಡಿಯ ಮೇರೆಗೆ, ದೂರು ಕೊಟ್ಟ ಐದು ದಿನಗಳೊಳಗೆ ಇನ್ನೊಂದು ಮೀಟರನ್ನು ಜೊತೆಗಿಟ್ಟು ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ಇಲ್ಲೆಲ್ಲ ನ್ಯಾಯ ಸಿಗದಿದ್ದರೆ ಗ್ರಾಹಕ ಕುಂದುಕೊರತೆ ವೇದಿಕೆಯೂ, ಅದರ ಮೇಲೆ ವಿದ್ಯುತ್ ಲೋಕಪಾಲರೂ ಇದ್ದಾರೆ.

ಅಡುಗೆ ಅನಿಲ ಮತ್ತು ಖಾತೆಯ ಗೋಜಲು

ಬಡಕುಟುಂಬದ ಮಹಿಳೆಯರಿಗಾಗಿ 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಲ್ಲಿ 2021ರ ಆಗಸ್ಟಿನಿಂದ ವಲಸಿಗರಿಗೆ ಒಂದು ಅನುಕೂಲವಾಗಿದೆ. ಪಡಿತರ ಚೀಟಿ, ವಿಳಾಸದ ದಾಖಲೆಗಳಿಲ್ಲದ ವಲಸೆ ಕುಟುಂಬಗಳು ಸ್ವಯಂಘೋಷಣೆಯ ಪತ್ರದ ಮೇಲೆಯೇ ಅರ್ಜಿ ಹಾಕಬಹುದು. ಈ ಯೋಜನೆಯವರಿಗೆ ಪ್ರತಿ ಸಿಲಿಂಡರಿಗೆ ದೊರೆಯುವ ಸಹಾಯಧನ 2023ರ ಅಕ್ಟೋಬರಿನಲ್ಲಿ 300 ರೂಪಾಯಿಗೆ ಏರಿತು. 2025-26ರಲ್ಲಿ ಅದನ್ನು ವರ್ಷಕ್ಕೆ 9 ಸಿಲಿಂಡರುಗಳಿಗೆ ಸೀಮಿತಗೊಳಿಸಲಾಯಿತು.

ಆದರೆ ಹಣ ಬಂದುದೇ ತಿಳಿಯದವರು ಬಹಳ. ಇಂಥ ಸಹಾಯಧನವು, ಆಧಾರ್ ಸಂಖ್ಯೆಗೆ ಕಟ್ಟಕಡೆಯದಾಗಿ ಯಾವ ಖಾತೆಯನ್ನು ಜೋಡಿಸಲಾಗಿದೆಯೋ ಆ ಖಾತೆಗೆ ಹೋಗುತ್ತದೆ. ನಾವು ದಿನನಿತ್ಯ ಬಳಸುವ ಖಾತೆಗಲ್ಲ. ಊರಿನಲ್ಲಿ ಎಂದೋ ತೆರೆದು ಮರೆತ ಖಾತೆಗೆ ತಿಂಗಳುಗಟ್ಟಲೆ ಹಣ ಬಂದು ಬಿದ್ದಿರುವುದನ್ನು ನನ್ನ ಮೇಜಿನ ಮುಂದೆಯೇ ಕಂಡಿದ್ದೇನೆ. ಯಾವ ಬ್ಯಾಂಕು ಜೋಡಣೆಯಾಗಿದೆಯೆಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನೋಡಬಹುದು. ಅಥವಾ ನಿಮ್ಮ ಶಾಖೆಯಲ್ಲಿ ಕೇಳಿರಿ. ಮುಂಬಯಿಯ ಖಾತೆಗೆ ಬದಲಾಯಿಸಲು ಒಂದು ಒಪ್ಪಿಗೆಪತ್ರ ಸಾಕು.

ಎರಡು ಎಚ್ಚರಿಕೆಗಳು

ಮೊದಲನೆಯದು ಸಾಲದ ಬಗ್ಗೆ. ಮಹಾರಾಷ್ಟ್ರದಲ್ಲಿ ತಡವಾದ ಬಿಲ್ಲಿನ ಮೇಲೆ ಶೇಕಡಾ 1.25 ವಿಳಂಬಶುಲ್ಕವಿದೆ, ಬಾಕಿ ಬೆಳೆದರೆ ಬಡ್ಡಿಯೂ ಸೇರುತ್ತದೆ. 2,000 ರೂಪಾಯಿಯ ಬಿಲ್ಲಿಗೆ ವಿಳಂಬಶುಲ್ಕ 25 ರೂಪಾಯಿ. ಅದಕ್ಕೆ ಅಂಜಿ ನೂರಕ್ಕೆ ತಿಂಗಳಿಗೆ ಐದರಂತೆ ಮೀಟರ್ ಬಡ್ಡಿಗೆ ಸಾಲ ತಂದರೆ ಒಂದೇ ತಿಂಗಳಿಗೆ 100 ರೂಪಾಯಿ ಹೋಗುತ್ತದೆ. ಗೋಡೆಯ ಮೀಟರಿಗಿಂತ ಈ ಮೀಟರು ವೇಗವಾಗಿ ಓಡುತ್ತದೆ. ಠೇವಣಿಯಿದ್ದವರು ಅದನ್ನು ಮುರಿಸದೆ ಅದರ ಆಧಾರದ ಮೇಲೆ ಸಾಲ ಪಡೆಯಬಹುದು. ಬಡ್ಡಿ ಸಾಮಾನ್ಯವಾಗಿ ಠೇವಣಿಯ ದರಕ್ಕಿಂತ ಶೇಕಡಾ ಒಂದೆರಡು ಮಾತ್ರ ಹೆಚ್ಚು.

ಎರಡನೆಯದು ವಂಚನೆಯ ಬಗ್ಗೆ. “ಇಂದು ರಾತ್ರಿ ನಿಮ್ಮ ಕರೆಂಟು ಕಡಿಯಲಾಗುವುದು, ಕೂಡಲೇ ಈ ನಂಬರಿಗೆ ಫೋನ್ ಮಾಡಿ” ಎಂಬ ಸಂದೇಶ ಬಂದರೆ ನಂಬಬೇಡಿ. ಮೇಲೆ ಹೇಳಿದ 15 ದಿನಗಳ ನಿಯಮವನ್ನು ಬಲ್ಲವರು ಇದಕ್ಕೆ ಬಲಿಯಾಗಲಾರರು. ಫೋನು ಮಾಡುವುದಾದರೆ ಹಳೆಯ ಬಿಲ್ಲಿನ ಮೇಲೆ ಮುದ್ರಿತವಾದ ಸಂಖ್ಯೆಗೇ ಮಾಡಿರಿ.

ಮನೆಯಲ್ಲಿ ಮಾಡಬೇಕಾದುದು

ಈ ಸಂಚಿಕೆಯನ್ನು ಓದಿ ಮುಗಿಸಿದ ಭಾನುವಾರವೇ ಮನೆಯ ಬಿಲ್ಲುಗಳನ್ನು ಹೊರತೆಗೆದು ನೋಡಿರಿ. ಮೀಟರು ಯಾರ ಹೆಸರಿನಲ್ಲಿದೆ? ನೋಂದಾಯಿಸಿದ ಮೊಬೈಲು ಯಾರದು? ಹಣ ಯಾವ ಖಾತೆಯಿಂದ ಹೋಗುತ್ತಿದೆ? ಆ ವ್ಯಕ್ತಿ ನಾಳೆ ಇಲ್ಲವಾದರೆ ಇದನ್ನು ನೋಡಿಕೊಳ್ಳುವವರು ಯಾರು? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಯೊಡತಿಯ ಕೈಯಲ್ಲಿಡಿ. ಗತಿಸಿದವರ ಹೆಸರಿನಲ್ಲಿ ಮೀಟರಿದ್ದರೆ ಮರಣಪತ್ರ ಮತ್ತು ವಾರಸುದಾರಿಕೆಯ ದಾಖಲೆಗಳೊಡನೆ ಹೆಸರು ಬದಲಾಯಿಸಲು ಅರ್ಜಿ ಕೊಡಿ. ಮನೆಯಲ್ಲಿ ಇನ್ಸುಲಿನ್ ಬಳಸುವವರಿದ್ದರೆ, ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕೆಂಬುದನ್ನು ಮರೆಯದೆ, ಕರೆಂಟು ಹೋದಾಗ ಏನು ಮಾಡಬೇಕೆಂದು ವೈದ್ಯರನ್ನು ಮೊದಲೇ ಕೇಳಿಡಿ.

ಸಂಘಕ್ಕೊಂದು ವಿನಂತಿ

ನಮ್ಮ ಸಂಘವು ವಿದ್ಯಾರ್ಥಿವೇತನ ಕೊಡುತ್ತಿದೆ, ರಕ್ತದಾನದ ಶಿಬಿರ ನಡೆಸುತ್ತಿದೆ. ಇದರೊಡನೆ ‘ದೀಪನಿಧಿ’ ಎಂಬೊಂದು ಸಣ್ಣ ನಿಧಿಯನ್ನೂ ಏಕೆ ಆರಂಭಿಸಬಾರದು? ಹಣವನ್ನು ಕೈಗೆ ಕೊಡದೆ ಗ್ರಾಹಕ ಸಂಖ್ಯೆಗೆ ನೇರವಾಗಿ ಕಟ್ಟುವುದು. ಬಡ್ಡಿಯಿಲ್ಲದೆ ಕಂತಿನಲ್ಲಿ ಹಿಂದಕ್ಕೆ ಪಡೆಯುವುದು. ನೆರವು ಪಡೆದವರ ಹೆಸರನ್ನು ಎಲ್ಲಿಯೂ ಪ್ರಕಟಿಸದಿರುವುದು. ಹಣ ಕೊಡುವ ಮೊದಲು ಅವರ ಕಾಗದಪತ್ರಗಳನ್ನು ಸರಿಪಡಿಸುವುದು. ಈ ನಾಲ್ಕು ನಿಯಮಗಳಿದ್ದರೆ ನಿಧಿಯೂ ಕರಗದು, ಮಾನವೂ ಹೋಗದು. ತಿಂಗಳಿಗೊಂದು ಭಾನುವಾರ ಒಂದು ಗಂಟೆ ಸಂಘದ ಕಚೇರಿಯಲ್ಲಿ ಕುಳಿತು ಅರ್ಜಿ ಬರೆದುಕೊಡಲು ನಾನಂತೂ ಸಿದ್ಧನಿದ್ದೇನೆ.

ಆ ವೃದ್ಧೆಯ ಠೇವಣಿಯನ್ನು ನಾವು ಮುರಿಸಲಿಲ್ಲ. ಅದರ ಮೇಲೆ ಅಲ್ಪ ಸಾಲ ಕೊಟ್ಟು, ಉಳಿದುದಕ್ಕೆ ಕಂತು ಕೇಳಿ, ಅವರೊಡನೆ ನಾನೂ ಕಂಪನಿಯ ಕಚೇರಿಗೆ ಹೋದೆ. ಮರುದಿನ ಸಂಜೆ ದೀಪ ಬಂದಿತು. ಹಿಂದಿರುಗುವ ದಾರಿಯಲ್ಲಿ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಲೈಟಿನ ದುಡ್ಡು ಇಲ್ಲ ಅಂತ ಯಾರ ಹತ್ತಿರ ಹೇಳುವುದು ಅಂತ ಸುಮ್ಮನಿದ್ದೆ ಸರ್.” ಹೀಗೆ ಸುಮ್ಮನಿರುವವರು ನಮ್ಮ ಅಕ್ಕಪಕ್ಕದಲ್ಲಿಯೇ ಇದ್ದಾರೆ. ಅವರು ಬಂದು ಕೇಳುವ ಮೊದಲು ನಾವೇ ಹೋಗಿ ವಿಚಾರಿಸೋಣ.