ಪೂರ್ತಿ ತೀರಿದ ಸಾಲ

ವಾಕ್ಯಭಾಗ: ಕೊಲೊಸ್ಸೆಯವರಿಗೆ 2:13-14



ಪ್ರಿಯರೇ, ನಿಮ್ಮಲ್ಲಿ ಎಷ್ಟು ಜನರ ಹತ್ರ ಕ್ರೆಡಿಟ್ ಕಾರ್ಡ್ ಇದೆ? ಕೈ ಎತ್ತೋದು ಬೇಡ, ಪಕ್ಕದಲ್ಲೇ ಅಮ್ಮ ಕೂತಿರಬಹುದು!

2018ರಲ್ಲಿ ನನ್ನ ಕಾರ್ಡಿನ ಬಾಕಿ 60,000 ರೂಪಾಯಿ ಇತ್ತು. ಪ್ರತಿ ತಿಂಗಳು 'ಮಿನಿಮಮ್ ಡ್ಯೂ' 3,000 ಕಟ್ಟಿ ಆರಾಮಾಗಿ ಇರ್ತಿದ್ದೆ. ಒಂದು ದಿನ ಬಿಲ್ ಸರಿಯಾಗಿ ಓದಿದೆ. ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ 2,100, ಅದರ ಮೇಲೆ ಜಿಎಸ್‌ಟಿ 378. ಅಂದ್ರೆ ನಾನು ಕಟ್ಟಿದ ಮೂರು ಸಾವಿರದಲ್ಲಿ ಅಸಲಿಗೆ ಹೋಗಿದ್ದು ಬರೀ 522 ರೂಪಾಯಿ!

ದೇವರ ಹತ್ರಾನೂ ನಾವು ಹೀಗೇ ಮಾಡ್ತೀವಿ. ಭಾನುವಾರ ಆರಾಧನೆಗೆ ಬಂದೆ, ಶುಕ್ರವಾರ ಉಪವಾಸ ಮಾಡಿದೆ, ಈ ವಾರದ ಮಿನಿಮಮ್ ಕಟ್ಟಿದೆ. ಆರಾಧನೆ, ಉಪವಾಸ ಒಳ್ಳೇದೇ. ಆದರೆ ಅವು ಪಾಪದ ಸಾಲ ತೀರಿಸೋ ಕಂತುಗಳಲ್ಲ. ಆ ಲೆಕ್ಕದಲ್ಲಿ ಹೋದರೆ ಸಾಯೋವರೆಗೂ ಕಟ್ಟಿದರೂ ಅಸಲು ಹಾಗೇ ಇರುತ್ತೆ.

ಆಮೇಲೆ ನನ್ನ ಕೆಲಸ ಹೋಯ್ತು. ಕೆಲವು ತಿಂಗಳು ಮಿನಿಮಮ್ಮೂ ಕಟ್ಟಲಿಲ್ಲ, ಬಾಕಿ 74,000ಕ್ಕೆ ಏರಿತು. ರಿಕವರಿಯವರು ಫೋನ್ ಮಾಡಿ, "40,000 ಕೊಡಿ ಸರ್, ಸೆಟಲ್ ಮಾಡ್ತೀವಿ" ಅಂದರು. ನನಗೆ ಖುಷಿಯೋ ಖುಷಿ. ಆದರೆ ಹೀಗೆ ಕಡಿಮೆ ಕಟ್ಟಿ ಮುಗಿಸಿದರೆ ಕ್ರೆಡಿಟ್ ರಿಪೋರ್ಟಿನಲ್ಲಿ 'ಸೆಟಲ್ಡ್' ಅಂತ ಬೀಳುತ್ತೆ. ಪೂರ್ತಿ ಕಟ್ಟಿದರೆ ಮಾತ್ರ 'ಕ್ಲೋಸ್ಡ್'. ವಿಷಯ ಗೊತ್ತಾದಾಗ ನನ್ನ ಅಕ್ಕ, "ಅರ್ಧಂಬರ್ಧ ಬೇಡ ಕಣೋ, ಪೂರ್ತಿ ತೀರಿಸಿಬಿಡೋಣ" ಅಂದಳು. ಮದುವೆಯಲ್ಲಿ ಹಾಕಿಕೊಂಡಿದ್ದ ಎರಡು ಬಳೆ ಮಾರಿ 74,000 ಕಟ್ಟಿದಳು. ಅವತ್ತು ಅವಳ ಬರಿ ಕೈ ನೋಡೋಕೆ ನನ್ನಿಂದ ಆಗಲಿಲ್ಲ.

ದೇವಜನರೇ, ದೇವರು ನಮ್ಮ ಪಾಪವನ್ನು 'ಸೆಟಲ್' ಮಾಡಲಿಲ್ಲ. ಆತನು ನೀತಿವಂತನು, ಪಾಪವನ್ನು ಕಂಡೂ ಕಾಣದಂತೆ ಬಿಡುವವನಲ್ಲ (ರೋಮಾಪುರದವರಿಗೆ 3:26). ನಮ್ಮ ವಿರುದ್ಧ ಇದ್ದ ಸಾಲಪತ್ರವನ್ನು ಅಳಿಸಿ ಶಿಲುಬೆಗೆ ಜಡಿದನು ಅಂತ ಪೌಲನು ಬರೆಯುತ್ತಾನೆ. ಅಕ್ಕ ಕೊಟ್ಟಿದ್ದು ಬಂಗಾರ. ನಮ್ಮನ್ನು ಬಿಡಿಸಿದ್ದು ಬೆಳ್ಳಿಬಂಗಾರವಲ್ಲ, ಕ್ರಿಸ್ತನ ರಕ್ತ ಅನ್ನುತ್ತಾನೆ ಪೇತ್ರನು (1 ಪೇತ್ರ 1:18-19). ಇನ್ನೊಂದು ವ್ಯತ್ಯಾಸವಿದೆ. ನನ್ನ ಸಾಲ ತೀರಿಸಿದ್ದು ಅಕ್ಕ, ಬ್ಯಾಂಕಲ್ಲ. ಇಲ್ಲಿ ಯಾರಿಗೆ ಸಾಲಗಾರರಾಗಿದ್ದೆವೋ ಆತನೇ ಬಂದು ತೀರಿಸಿದನು. ಹಲ್ಲೆಲೂಯ!

ನೋ ಡ್ಯೂ ಪತ್ರ ಕೈಗೆ ಬಂದ ಮೇಲೂ ಗೊತ್ತಿಲ್ಲದ ನಂಬರಿಂದ ಫೋನ್ ಬಂದರೆ ನನ್ನ ಎದೆ ಡವಡವ ಅಂತಿತ್ತು. ಸಾಲ ತೀರಿತ್ತು, ಭಯ ತೀರಿರಲಿಲ್ಲ. ಇವತ್ತು ನಿಮ್ಮಲ್ಲಿ ಕೆಲವರು ಹಾಗೇ ಇದ್ದೀರಿ. ಕಾಲೇಜಲ್ಲಿ ಮಾಡಿದ ತಪ್ಪು, ಮೊಬೈಲಲ್ಲಿ ಗುಟ್ಟಾಗಿ ನೋಡಿದ್ದು, ಯಾರಿಗೂ ಹೇಳದ ಸಂಬಂಧ. ಕ್ಷಮೆ ಕೇಳಿದ್ದೀರಿ, ಆದರೂ ರಾತ್ರಿ ನಿದ್ದೆಯಿಲ್ಲ. ಸೈತಾನನು ಫೋನ್ ಮಾಡಿದಾಗ ಆ ಪತ್ರ ತೋರಿಸಿ.

ಹಾಗಂತ ನಾನು ಮತ್ತೆ ಕಾರ್ಡ್ ಉಜ್ಜಲು ಹೋದೆನಾ? ಅಕ್ಕನ ಬರಿ ಕೈ ಕಂಡವನಿಗೆ ಅದು ಹೇಗೆ ಸಾಧ್ಯ? ಶಿಲುಬೆಯನ್ನು ಕಂಡವರು ಪಾಪದಲ್ಲಿ ಮುಂದುವರಿಯುವುದೂ ಹಾಗೇ.

ಇನ್ನೂ ಕಂತು ಕಟ್ಟುತ್ತಾ ಸುಸ್ತಾದವರು ಯಾರಾದರೂ ಇದ್ದರೆ, ಈಗಲೇ ಕಣ್ಣು ಮುಚ್ಚಿ, "ಯೇಸುವೇ, ನನ್ನಿಂದ ಆಗಲ್ಲ, ನೀನು ತೀರಿಸಿದ್ದನ್ನು ನಂಬುತ್ತೇನೆ" ಅಂತ ಹೇಳಿ. ಪ್ರಾರ್ಥಿಸೋಣ. ಆಮೆನ್.